ಮರು: ‘ಕೇರ್‌ಗಿವರ್’ಗೆ ಬೋರ್ಡಿನ ಮೇಲೆ ಏನು ಬರೆಯೋಣ? (ಗುರುವಾರದೊಳಗೆ ಬೇಕು)

ಉತ್ತರ ಬರೆದ ಎಲ್ಲರಿಗೂ ನಮಸ್ಕಾರ. ನಮ್ಮ ತರಬೇತಿಯ ಬೋರ್ಡ್ ಬರೆಯುವವರು ಗುರುವಾರ ಬರುತ್ತಾರೆ, ‘ಕೇರ್‌ಗಿವರ್’ ಅಂದರೆ ಮಗುವನ್ನು ನೋಡಿಕೊಳ್ಳುವವರು, ಅದಕ್ಕೆ ನನ್ನ ಹತ್ತಿರ ಇನ್ನೂ ಕನ್ನಡ ಪದ ಇಲ್ಲ. ಹಾಗಾಗಿ ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ.

ತರಬೇತಿ ನಡೆಯುವುದು ಸಕಲೇಶಪುರದ ಕಡೆ, ಕಾಫಿ ತೋಟದ ಕೆಲಸದವರ ಲೈನ್ ಮನೆಗಳ ಹತ್ತಿರ. ಮಾತು ತಡವಾದ, ಬೆಳವಣಿಗೆ ನಿಧಾನವಾದ ಮಕ್ಕಳ ಮನೆಯವರಿಗೆ. ಕೈಪಿಡಿ ವಿಶ್ವ ಆರೋಗ್ಯ ಸಂಸ್ಥೆಯದು, 2ರಿಂದ 9 ವರ್ಷದ ಮಕ್ಕಳಿಗೆ ಅಂತ ಮಾಡಿದ್ದು. 9 ಸಲ ಗುಂಪಿನಲ್ಲಿ ಕೂರುವುದು, 3 ಸಲ ಮನೆಗೇ ಹೋಗಿ ನೋಡುವುದು. ಸ್ನಾನ ಮಾಡಿಸುವಾಗ, ಉಣ್ಣಿಸುವಾಗ, ಆಡಿಸುವಾಗ ಮಗುವಿನ ಜೊತೆ ಹೇಗೆ ಮಾತಾಡಬೇಕು, ಅದು ಬೆರಳು ತೋರಿಸಿದರೆ ಹೇಗೆ ಓಗೊಡಬೇಕು, ಇಂಥವೇ ಜಾಸ್ತಿ. ಅದರಲ್ಲಿ ‘ಪೇರೆಂಟ್’ ಅನ್ನದೆ ‘ಕೇರ್‌ಗಿವರ್’ ಅಂದಿರುವುದಕ್ಕೆ ಕಾರಣ ಇದೆ. ಅಪ್ಪ ಅಮ್ಮ ಹಣ್ಣು ಕೊಯ್ಯಲು ಹೋದರೆ ಮಗು ಇಡೀ ದಿನ ಅಜ್ಜಿಯ ಹತ್ತಿರವೋ ದೊಡ್ಡಮ್ಮನ ಹತ್ತಿರವೋ ಇರುತ್ತದೆ ಅಲ್ವಾ?

‘ಪೋಷಕರು’ ಸಾಕು ಅಂದವರಿಗೆ: ಸಾಕಾಗುವುದಿಲ್ಲ. ಹೋದ ವರ್ಷ ಪಕ್ಕದ ಊರಲ್ಲಿ ‘ಪೋಷಕರ ತರಬೇತಿ’ ಅಂತಲೇ ಬ್ಯಾನರ್ ಕಟ್ಟಿದ್ದೆವು. ಒಬ್ಬ ಅಜ್ಜಿ ಮಗುವನ್ನು ಎತ್ತಿಕೊಂಡು ಬಾಗಿಲವರೆಗೆ ಬಂದರು, ಏನು ಬರೆದಿದೆ ಅಂತ ಕೇಳಿದರು, “ಇದರ ಅಪ್ಪ ಅಮ್ಮ ಕೆಲಸಕ್ಕೆ ಹೋಗವ್ರೆ” ಅಂದು ವಾಪಸ್ ಹೋದರು. ಆ ಮಗುವಿಗೆ ಮೂರು ಹೊತ್ತು ಉಣ್ಣಿಸುವುದು ಅವರೇ. ನಮ್ಮ ಕಡೆ ಪೋಷಕರು ಅಂದರೆ ಶಾಲೆಯ ಕಾಗದಕ್ಕೆ ಸಹಿ ಹಾಕುವವರು, ಅಷ್ಟೇ. ‘ಪಾಲಕರು’ ಧಾರವಾಡದ ಕಡೆ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ.

‘ಆರೈಕೆದಾರರು’ ನನಗೆ ಬೇಡ. ಆರೈಕೆ ಚೆಂದದ ಮಾತು, ಆದರೆ ‘ದಾರ’ ಸೇರಿದ ಕೂಡಲೇ ಗುತ್ತಿಗೆದಾರ, ತಹಶೀಲ್ದಾರರ ಸಾಲಿಗೆ ಹೋಗಿಬಿಡುತ್ತದೆ. ಸಂಬಳ ತಗೊಂಡು ನೋಡಿಕೊಳ್ಳುವವರು ಅನ್ನಿಸುತ್ತದೆ.

ಮೈಸೂರಿನ ಸರ್, ‘ಓದುಗ’ದ ಹಾಗೆ ‘ಸಲಹುಗ’ ಮಾಡಿ ಅಂದಿರಿ. ಸಲಹು ನನಗೂ ಇಷ್ಟ. ಆದರೆ ಅಜ್ಜಿ ಒಬ್ಬರೇ ಇದ್ದಾಗ ಏನು ಬರೆಯಲಿ? ‘ಸಲಹುಗ’ ಅಂದರೆ ಗಂಡಸಾದ. ‘ಸಲಹುಗಳು’ ಅಂದರೆ ಪುಸ್ತಕಗಳು, ಮರಗಳು ಅಂದ ಹಾಗಾಯಿತು. ಬೋರ್ಡಿನಲ್ಲಿ ‘ಸಲಹುಗರು’ ಅಂತ ಹಾಕಿದರೆ ಹತ್ತರಲ್ಲಿ ಒಂಬತ್ತು ಜನ ‘ಸಲಹೆಗಾರರು’ ಅಂತಲೇ ಓದುತ್ತಾರೆ. ಆ ಸಲಹೆ ಅರಬ್ಬಿಯಿಂದ ಬಂದದ್ದು, ನಿಮ್ಮ ಸಲಹುವಿಗೂ ಅದಕ್ಕೂ ಸಂಬಂಧವೇ ಇಲ್ಲ. ಬೇರೆ ಭಾಷೆಯ ಮಾತು ಬೇಡ ಅಂತ ಹೊರಟು ಕೊನೆಗೆ ಅದೇ ಮಾತು ಜನರ ಕಿವಿಗೆ ಬಿದ್ದರೆ ಏನು ಬಂತು?

‘ತರಬೇತಿ’ಯನ್ನೂ ಕಿತ್ತು ಹಾಕಿ ‘ಕಲಿಸಿಕೆ’ ಅನ್ನಿ ಅಂತ ಒಬ್ಬರು ಬರೆದಿದ್ದಾರೆ. ಇದನ್ನು ನಾನು ಒಪ್ಪುವುದಿಲ್ಲ. ತರಬೇತಿ ಬಂದಿರುವುದು ‘ತರ್ಬಿಯತ್’ನಿಂದ, ಅರಬ್ಬಿಯಿಂದ ಪಾರ್ಸಿ, ಉರ್ದು ದಾಟಿ. ಅಲ್ಲಿ ಅದರ ಅರ್ಥ ಮಕ್ಕಳನ್ನು ಸಾಕಿ ಬೆಳೆಸುವುದು! ನಮ್ಮಲ್ಲಿ ಅದು ಪೊಲೀಸರಿಗೆ, ಮೇಷ್ಟ್ರಿಗೆ, ಹೊಲಿಗೆ ಕಲಿಯುವವರಿಗೆ ಹೋಯಿತು. ಈಗ ಮಗುವಿನ ಹತ್ತಿರ ವಾಪಸ್ ಬರುತ್ತಿದೆ, ಬರಲಿ ಬಿಡಿ. ಇನ್ನು ‘ಪೋಷಕ’ ಸಂಸ್ಕೃತದ್ದು, ‘ಬೋರ್ಡು’ ಇಂಗ್ಲಿಷಿನದು. ಎಲ್ಲವನ್ನೂ ಆರಿಸಿ ಹೊರಗಿಟ್ಟರೆ ಗುರುವಾರ ಬರೆಯಲು ಏನು ಉಳಿಯುತ್ತದೆ?

ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆದರಲ್ಲ, ಆ ಹೆಸರು ನೋಡಿ. ಯಾರಿಗೂ ಅರ್ಥ ಹೇಳಬೇಕಾಗಿಲ್ಲ. ನನಗೆ ಬೇಕಿರುವುದು ಅಂಥದ್ದು.

ಸದ್ಯಕ್ಕೆ ಬೋರ್ಡಿಗೆ ‘ಮಗು ನೋಡಿಕೊಳ್ಳುವವರಿಗೆ ತರಬೇತಿ’ ಅಂತಿಟ್ಟು, ಕೆಳಗೆ ಸಣ್ಣದಾಗಿ ‘ಅಜ್ಜಿ, ತಾತ, ದೊಡ್ಡಮ್ಮ ಯಾರಾದರೂ ಬನ್ನಿ’ ಅಂತ ಬರೆಸುತ್ತೇನೆ. ಉದ್ದ ಆಯಿತು ಅನ್ನಬೇಡಿ, ಹಲಗೆ ದೊಡ್ಡದಿದೆ. ‘ಸಾಕುವವರು’ ಹಾಕಲು ಮನಸ್ಸು ಬರಲಿಲ್ಲ. ಸಾಕುಮಗ, ಸಾಕುನಾಯಿ ನೆನಪಾಗುತ್ತದೆ.

ಕೈಪಿಡಿಯಲ್ಲಿ ಮಾತ್ರ ತೊಂದರೆ ಹಾಗೇ ಇದೆ. ಅಲ್ಲಿ ಪುಟಕ್ಕೆ ನಾಲ್ಕೈದು ಸಲ ಏಕವಚನದಲ್ಲಿ ಬರುತ್ತದೆ, ಪ್ರತಿ ಸಲ ‘ಮಗು ನೋಡಿಕೊಳ್ಳುವವರು’ ಅಂದರೆ ಓದಲು ಆಗುವುದಿಲ್ಲ. ಹಾಸನ, ಚಿಕ್ಕಮಗಳೂರು ಕಡೆಯವರು ಯಾರಾದರೂ ಇದ್ದರೆ, ನಿಮ್ಮ ಮನೆಯಲ್ಲಿ, ತೋಟದಲ್ಲಿ ಮಗುವನ್ನು ನೋಡಿಕೊಳ್ಳುವ ಹೆಂಗಸಿಗೆ ಏನಂತ ಕರೆಯುತ್ತಾರೆ? ಕೇಳಿದ ಮಾತನ್ನೇ ಬರೆಯಿರಿ, ಹೊಸದಾಗಿ ಕಟ್ಟಿದ್ದು ಬೇಡ.