ಮಾಲೆವಿಚ್ ಅವರ ಅರ್ಧ ಕಪ್ ಮಾಡಲು ಹೋದೆ, ಗೋಡೆ ಬಾಗಿತು

ಮಣ್ಣುಕೈ:
ಚಿತ್ರ ಕಲಾವಿದ ಕಜಿಮಿರ್ ಮಾಲೆವಿಚ್ 1923ರಲ್ಲಿ ರಷ್ಯಾದ ಪೆಟ್ರೊಗ್ರಾಡ್‌ನ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಸರ್ಕಾರಿ ಪಿಂಗಾಣಿ ಕಾರ್ಖಾನೆಗೆ ಮಾಡಿಕೊಟ್ಟ ಅರ್ಧ ಕಪ್ ನೋಡಿದ್ದೀರಾ? ಗುಂಡನೆ ಕಪ್ಪನ್ನು ಮಧ್ಯಕ್ಕೆ ಕೊಯ್ದ ಹಾಗಿದೆ. ಕೊಯ್ದ ಕಡೆ ಚಪ್ಪಟೆ ಗೋಡೆ, ಅದಕ್ಕೊಂದು ಗಟ್ಟಿ ಹಿಡಿ, ಬೆರಳು ತೂರಿಸಲು ತೂತೇ ಇಲ್ಲ. ಫೋಟೊ ನೋಡಿದಾಗಿನಿಂದ ಅದೇ ಗುಂಗು. ತಿಗರಿಯಲ್ಲಿ ಬಟ್ಟಲು ತೆಗೆದು, ತಂತಿಯಿಂದ ಕೊಯ್ದು, ತಟ್ಟಿದ ಮಣ್ಣಿನ ಗೋಡೆ ಅಂಟಿಸಿ ಮೂರು ಮಾಡಿದೆ. ಎರಡು ಒಣಗುವಾಗಲೇ ಮೂಲೆಯಲ್ಲಿ ಬಿರುಕು ಬಿಟ್ಟವು. ಉಳಿದದ್ದರ ಗೋಡೆ ಗ್ಲೇಜ್ (ಗಾಜಿನಂಥ ಹೊಳಪಿನ ಲೇಪ) ಹಚ್ಚಿ ಸುಟ್ಟ ಮೇಲೆ ಒಳಕ್ಕೆ ಬಾಗಿದೆ. ಎಲ್ಲಿ ತಪ್ಪಿದೆ? ಮತ್ತೆ, ಇದು ನಿಜಕ್ಕೂ ಕುಡಿಯೋಕೆ ಅಂತ ಮಾಡಿದ್ದಾ?

ಹಳೇತಿಗರಿ:
ಬಟ್ಟಲು ಆರಿದ ಮೇಲೆ ಹಸಿ ಗೋಡೆ ಅಂಟಿಸಿದ್ದೀರಿ ಅನ್ನಿಸುತ್ತದೆ. ಹಸಿ ಮಣ್ಣು ಜಾಸ್ತಿ ಕುಗ್ಗುತ್ತದೆ, ಹಾಗಾಗಿ ಬಿರಿಯುವುದು ಕೂಡಿದ ಜಾಗದಲ್ಲೇ. ಎರಡೂ ಒಂದೇ ಹದಕ್ಕೆ ಬರಲಿ, ಗೀರು ಹಾಕಿ, ಅದೇ ಮಣ್ಣಿನ ರಾಡಿ ಹಚ್ಚಿ ಕೂಡಿಸಿ, ಮೂಲೆಯೊಳಗೆ ಮಣ್ಣಿನ ಎಳೆ ಒತ್ತಿ, ಪ್ಲಾಸ್ಟಿಕ್ ಮುಚ್ಚಿ ವಾರ ಬಿಡಿ. ಗೋಡೆ ಮೊದಲೇ ಸ್ವಲ್ಪ ಹೊರಕ್ಕೆ ಉಬ್ಬಿರಲಿ. ಗುಂಡನೆ ಪಾತ್ರೆ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಚಪ್ಪಟೆಗೆ ಆ ಆಸರೆ ಇಲ್ಲ, ಕಿಲ್ನ್ (ಮಡಕೆ ಸುಡುವ ಗೂಡು) ಬಿಸಿಗೆ ಮೆತ್ತಗಾದ ಕೂಡಲೇ ಬಾಗುತ್ತದೆ. ಪಿಂಗಾಣಿ ಮಣ್ಣಾದರೆ ಇನ್ನೂ ಜಾಸ್ತಿ.

ಬಿಳಿತಟ್ಟೆ:
ಎರಡನೇ ಪ್ರಶ್ನೆಗೆ ನಾನು ಹೇಳುತ್ತೇನೆ. ಕುಡಿಯಬಹುದು, ಆದರೆ ಮಾಲೆವಿಚ್ ಅವರ ಗಮನವೆಲ್ಲ ಆಕಾರದ ಮೇಲೆ. 1915ರಲ್ಲಿ ಬಿಳಿ ಕ್ಯಾನ್ವಾಸ್ ಮೇಲೆ ಬರೀ ಒಂದು ಕಪ್ಪು ಚೌಕ ಇಟ್ಟು ತೋರಿಸಿದವರು ಅವರು. ಶಿಷ್ಯರಾದ ನಿಕೊಲಾಯ್ ಸುಯೆಟಿನ್, ಇಲ್ಯಾ ಚಾಶ್ನಿಕ್ ಇದೇ ಕಾರ್ಖಾನೆಯಲ್ಲಿ ತಟ್ಟೆ, ಟೀ ಕಪ್‌ಗಳ ಮೇಲೆ ಅಂಥ ಚೌಕ, ಪಟ್ಟಿಗಳನ್ನು ಬರೆದರು. ತ್ಸಾರ್ ದೊರೆಗಳ ಕಾಲದಲ್ಲಿ ಮಾಡಿ ಬಣ್ಣ ಹಾಕದೆ ಬಿಟ್ಟ ಬಿಳಿ ಸಾಮಾನು ಅಲ್ಲಿ ರಾಶಿ ಇತ್ತು, 1917ರ ರಷ್ಯಾ ಕ್ರಾಂತಿಯ ನಂತರದ ಎಷ್ಟೋ ಹೊಸ ಚಿತ್ರಗಳು ಬಂದದ್ದು ಅದರ ಮೇಲೇ. ನನಗೆ ಆ ತಟ್ಟೆಗಳೆಂದರೆ ತುಂಬಾ ಇಷ್ಟ. ಕ್ಯಾನ್ವಾಸ್‌ನಲ್ಲಿ ಬಿಳಿಯನ್ನು ಬಳಿಯಬೇಕು, ಇಲ್ಲಿ ಆ ಬಿಳಿ ತಟ್ಟೆಯದೇ, ಒಳಗಿನಿಂದ ಹೊಳೆಯುತ್ತದೆ. ಮಾಲೆವಿಚ್ ಮಾತ್ರ ಮೇಲಿನ ಚಿತ್ರಕ್ಕೆ ನಿಲ್ಲದೆ ಪಾತ್ರೆಗೇ ಕೈ ಹಾಕಿದರು. ಅವರ ಟೀಪಾಟ್ ನೋಡಿ, ಪೆಟ್ಟಿಗೆ ಜೋಡಿಸಿದ ಕಟ್ಟಡದ ಹಾಗಿದೆ ಅಲ್ವಾ?

ಮಣ್ಣುಕೈ:
ಇಬ್ಬರಿಗೂ ಥ್ಯಾಂಕ್ಸ್. ಹೌದು, ಬಟ್ಟಲು ಹಿಂದಿನ ದಿನದ್ದು. ಬಾಗಿದ ಕಪ್ಪಿನಲ್ಲೇ ಇವತ್ತು ಕಾಫಿ ಕುಡಿದೆ. ಹಿಡಿಯನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿಯಬೇಕು. ಬಲಗೈಯಲ್ಲಿ ಹಿಡಿದರೆ ತುಟಿಗೆ ಬರುವುದು ಗೋಡೆ ಮತ್ತು ಗುಂಡು ಸೇರುವ ಮೂಲೆ, ಕಾಫಿ ಅಲ್ಲಿಂದ ಸಣ್ಣ ಧಾರೆಯಾಗಿ ಬರುತ್ತದೆ. ಹಾಗಾಗಿ ಆ ಮೂಲೆಯನ್ನು ಮೊಂಡು ಮಾಡುವುದಿಲ್ಲ. ಈ ಸಲ ಪೂರ್ತಿ ಒಂದು ವಾರ ಮುಚ್ಚಿಟ್ಟು ನೋಡುತ್ತೇನೆ.