ಒತ್ತುಗಂಬವೋ, ಒತ್ತುಗೂಟವೋ? ಪಾಯ ಎತ್ತುವ ಉಕ್ಕಿನ ಪಿಯರ್‌ಗೆ ಪದ ಬೇಕಾಗಿದೆ

ಗೆಳೆಯರೇ,

ಡಲ್ಲಾಸ್ ಸಮೀಪದ ನಮ್ಮ ಮನೆಯ ಒಂದು ಮೂಲೆ ಇಳಿದಿದೆ. ಗೋಡೆಯಲ್ಲಿ ಓರೆ ಬಿರುಕು ಮೂಡಿದೆ, ಹಿತ್ತಿಲ ಬಾಗಿಲು ಚೌಕಟ್ಟಿಗೆ ಉಜ್ಜುತ್ತದೆ. ನೋಡಲು ಬಂದ ಇಬ್ಬರು ಗುತ್ತಿಗೆದಾರರು ಎರಡು ಬಗೆಯ ಉಕ್ಕಿನ ಪಿಯರ್ (ಪಾಯದ ಕೆಳಗೆ ಆಳಕ್ಕೆ ಇಳಿಸಿ ಮನೆಯ ಭಾರ ಹೊರಿಸುವ ಆಧಾರ) ಹೇಳಿ ಹೋದರು. ಅವುಗಳ ವ್ಯತ್ಯಾಸವನ್ನು ಗದಗದಲ್ಲಿರುವ ಅಪ್ಪನಿಗೆ ಬರೆಯಲು ಕೂತವನು ಪದಗಳಿಲ್ಲದೆ ಸಿಕ್ಕಿಕೊಂಡಿದ್ದೇನೆ.

ಮೊದಲ ಎಡವಟ್ಟು ನನ್ನದೇ. ‘ಪಾಯ ಕುಸಿದಿದೆ’ ಎಂದು ಬರೆದೆ. ಓದಿದ ಅಪ್ಪ ಗಾಬರಿಯಿಂದ ಫೋನ್ ಮಾಡಿದರು. ಕುಸಿದರೆ ಮನೆ ಉಳಿಯುವುದಿಲ್ಲ, ಇದಕ್ಕೆ ‘ಪಾಯ ಕೂತಿದೆ’ ಎನ್ನಬೇಕು ಎಂಬುದು ಅವರ ತಿದ್ದುಪಡಿ. ಷೇರುಪೇಟೆಯಿಂದ ಸೇತುವೆಯವರೆಗೆ ಎಲ್ಲವೂ ಕುಸಿಯುವ ಪತ್ರಿಕೆಗಳನ್ನು ಓದಿ ನನ್ನ ಕನ್ನಡ ಹೀಗಾಗಿದೆ.

ಮಣ್ಣಿಗೆ ಮಾತ್ರ ಪದ ಹುಡುಕಬೇಕಾಗಲಿಲ್ಲ. ಇಲ್ಲಿನ ಕಪ್ಪು ಜೇಡಿಯನ್ನೂ ನಮ್ಮ ಕಡೆಯ ಎರೆಯನ್ನೂ ಮಣ್ಣಿನ ವಿಜ್ಞಾನಿಗಳು ವರ್ಟಿಸಾಲ್ ಎಂಬ ಒಂದೇ ಗುಂಪಿಗೆ ಸೇರಿಸುತ್ತಾರೆ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ‘ಎರೆ ತೆಗೆದು ಗರಸು ತುಂಬಬೇಕಿತ್ತು’ ಎಂದರು ಅಪ್ಪ. ಕಟ್ಟುವ ಮೊದಲಾದರೆ ಸರಿಯಾದ ಮಾತು.

ಈಗ ಪಿಯರ್‌ಗಳು. ಮೊದಲನೆಯದು ಪುಶ್ ಪಿಯರ್. ಪಾಯದ ಅಂಚಿಗೆ ಬ್ರಾಕೆಟ್ ಕೂರಿಸಿ, ಅದರ ಮೂಲಕ ಉಕ್ಕಿನ ಕೊಳವೆಯ ತುಂಡುಗಳನ್ನು ಒಂದರ ಮೇಲೊಂದು ಜೋಡಿಸುತ್ತಾ ಹೈಡ್ರಾಲಿಕ್ ಜಾಕ್‌ನಿಂದ ಗಟ್ಟಿ ಪದರ ಸಿಗುವವರೆಗೆ ಒತ್ತುತ್ತಾರೆ. ಒತ್ತಲು ಆಧಾರ ಮನೆಯ ಭಾರವೇ. ಹಾಗಾಗಿ ಹಗುರವಾದ ಜಗಲಿಯ ಕೆಳಗೆ ಈ ಉಪಾಯ ನಡೆಯದು: ಕೊಳವೆ ಇಳಿಯುವ ಮೊದಲೇ ಜಗಲಿ ಏಳುತ್ತದೆ. ಇದಕ್ಕೆ ‘ಒತ್ತುಗಂಬ’ ಎಂದು ಬರೆದಿದ್ದೇನೆ. ಊರು, ಕೋಲು ಸೇರಿ ಊರುಗೋಲು ಆದ ಹಾಗೆ ಒತ್ತು, ಕಂಬ ಸೇರಿ ಒತ್ತುಗಂಬ. ಗರುಡಗಂಬ, ಮಲ್ಲಗಂಬಗಳ ಸಾಲಿನಲ್ಲಿ ಕಿವಿಗೂ ಒಗ್ಗುತ್ತದೆ.

ಆದರೆ ಕಂಬ ಎಂದರೆ ಕಣ್ಣಿಗೆ ಕಾಣುವಂತೆ ನಿಂತದ್ದಲ್ಲವೇ? ಪೂರ್ತಿ ನೆಲದೊಳಗೆ ಹೋಗುವುದಕ್ಕೆ ‘ಗೂಟ’ ಹತ್ತಿರ ಎನಿಸುತ್ತದೆ. ತೊಡಕೆಂದರೆ ಗೂಟಕ್ಕೆ ದನ ಕಟ್ಟುತ್ತೇವೆ, ಮನೆ ಹೊರಿಸುವುದಿಲ್ಲ. ಗೂಟದ ಕಾರಿನ ನೆನಪು ಬೇರೆ.

ಎರಡನೆಯದು ಹೆಲಿಕಲ್ ಪಿಯರ್. ಉಕ್ಕಿನ ದಂಡಕ್ಕೆ ಸುರುಳಿ ತಟ್ಟೆಗಳನ್ನು ಬೆಸೆದಿರುತ್ತಾರೆ; ಯಂತ್ರ ಅದನ್ನು ಬೈರಿಗೆಯಂತೆ ತಿರುಗಿಸಿ ನೆಲಕ್ಕೆ ಇಳಿಸುತ್ತದೆ. ತಿರುಗಿಸಲು ಎಷ್ಟು ಬಲ ಬೇಕಾಯಿತು ಎಂಬುದನ್ನು ಅಳೆದು, ಅದು ಎಷ್ಟು ಭಾರ ಹೊರಬಲ್ಲದು ಎಂದು ಅಂದಾಜಿಸುತ್ತಾರೆ. ಮನೆಯ ಭಾರವನ್ನು ನೆಚ್ಚಬೇಕಿಲ್ಲದ್ದರಿಂದ ಜಗಲಿಗೆ ಇದೇ ಸರಿ. ನಿಘಂಟು ನೋಡಿದವರು ‘ಸುರುಳಿಗಂಬ’ ಎನ್ನಬಹುದು. ನನಗೆ ಅದು ಸ್ಪ್ರಿಂಗಿನ ಹಾಗೆ ಕುಣಿಯುವ ಕಂಬವಾಗಿ ಕಾಣುತ್ತದೆ. 1833ರಲ್ಲಿ ಇದರ ಮೂಲರೂಪಕ್ಕೆ ಪೇಟೆಂಟ್ ಪಡೆದವನು ಐರ್ಲೆಂಡಿನ ಎಂಜಿನಿಯರ್ ಅಲೆಗ್ಸಾಂಡರ್ ಮಿಚೆಲ್, ದೃಷ್ಟಿ ಕಳೆದುಕೊಂಡಿದ್ದವನು. ಸಮುದ್ರದ ಸಡಿಲ ಮರಳಿನಲ್ಲಿ ದೀಪಸ್ತಂಭ ನಿಲ್ಲಿಸಲು ಅದನ್ನು ಬಳಸಿದ. ಅದಕ್ಕೆ ಆಗ ಇದ್ದ ಹೆಸರು ಸ್ಕ್ರೂ ಪೈಲ್. ಆದ್ದರಿಂದ ‘ತಿರುಪುಗಂಬ’ವೇ ಮೂಲಕ್ಕೆ ಹತ್ತಿರ ಎಂಬುದು ನನ್ನ ವಾದ. ‘ತಿರುಪೆ’ಯ ನೆನಪಾಗಿ ನಗುವವರು ನಗಲಿ.

ಇವೆರಡಲ್ಲದೆ ಇನ್ನೊಂದು ಬಗೆಯೂ ಇದೆ; ಆ ಮೂರನೆಯದಕ್ಕೆ ನನ್ನಲ್ಲಿ ಪದವೇ ಇಲ್ಲ. ಸ್ಲ್ಯಾಬ್ ಪಿಯರ್ ಅನ್ನು ಅಂಚಿನಲ್ಲಲ್ಲ, ಕೋಣೆಯ ನಡುವೆ ಕಾಂಕ್ರೀಟ್ ನೆಲಕ್ಕೆ ತೂತು ಕೊರೆದು ಇಳಿಸುತ್ತಾರೆ. ‘ನೆಲಗಂಬ’ ಎಂದರೆ ನೆಲದಲ್ಲಿ ನೆಟ್ಟ ಯಾವ ಕಂಬವೂ ಆಗಬಹುದು. ನೆಲವನ್ನೇ ಹೊರುವ ಕಂಬ ಎಂಬ ಅರ್ಥ ಒಂದೇ ಪದದಲ್ಲಿ ಬರುವುದು ಹೇಗೆ? ಮೇಸ್ತ್ರಿಗಳ, ಬಾವಿ ತೋಡುವವರ ಮಾತಿನಲ್ಲಿ ಇಂಥದ್ದೇನಾದರೂ ಕೇಳಿದ್ದರೆ ಊರಿನ ಹೆಸರಿನೊಂದಿಗೆ ತಿಳಿಸಿ. ಅಪ್ಪನ ಕಾಗದ ಆ ಸಾಲಿನಲ್ಲೇ ನಿಂತಿದೆ.