ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಮನಃಶಾಸ್ತ್ರದ ಚರಿತ್ರೆಯನ್ನು ಹೇಗೆ ಓದಿದಿರಿ?

ಪ್ರಶ್ನೆ (ವಿದ್ಯಾರ್ಥಿನಿ, ಪೆರ್ಲ): ಪ್ಲಸ್ ಟು ತನಕ ಕನ್ನಡ ಮಾಧ್ಯಮ. ಈಗ ಡಿಗ್ರಿಗೆ ಸೈಕಾಲಜಿ. ಪುಸ್ತಕ ಇಂಗ್ಲಿಷ್, ಕ್ಲಾಸಿನಲ್ಲಿ ವಿವರಣೆ ಮಲಯಾಳ. ವುಂಟ್, ವಾಟ್ಸನ್, ಫ್ರಾಯ್ಡ್, ಪಿಯಾಜೆ ಎಲ್ಲ ಕಲಸುಮೇಲೋಗರ ಆಗಿದೆ. ಓದಿದವರು ಅನುಭವ ಹೇಳಿ.

ಉತ್ತರ (ಮುಳ್ಳೇರಿಯ): ತಂಗೀ, ನಾನೂ ಇದೇ ದಾರಿಯಲ್ಲಿ ಬಂದವಳು. ಮೊದಲ ವರ್ಷ ಹೆಸರು, ಇಸವಿ, ಸಿದ್ಧಾಂತ ಅಂತ ಮೂರು ಕಾಲಂ ಎಳೆದು ಬಾಯಿಪಾಠ ಮಾಡಿದೆ. ಪರೀಕ್ಷೆಯಲ್ಲಿ ಒಂದೂ ಕೈಗೆ ಸಿಗಲಿಲ್ಲ. ಆಮೇಲೆ ದಾರಿ ಕಂಡದ್ದು ತಾಳಮದ್ದಳೆ ಕೇಳುವಾಗ. ಕೌರವ ಏನು ಕೇಳಿದ ಅಂತ ಗೊತ್ತಿದ್ದರೆ ಕೃಷ್ಣ ಏನು ಹೇಳಿದ ಅನ್ನುವುದು ತಾನಾಗಿ ನೆನಪಿರುತ್ತದೆ. ಈ ಚರಿತ್ರೆಯೂ ಹಾಗೇ, ಒಬ್ಬರ ಮಾತಿಗೆ ಇನ್ನೊಬ್ಬರ ಉತ್ತರ.

1879ರಲ್ಲಿ ಲೈಪ್ಸಿಗ್‌ನಲ್ಲಿ ಪ್ರಯೋಗಾಲಯ ತೆರೆದ ವುಂಟ್, ಪಳಗಿದವರು ತಮ್ಮ ಅನುಭವವನ್ನು ತಾವೇ ಗಮನಿಸಿ ಹೇಳಲಿ ಎಂದರು. ಒಬ್ಬನ ಒಳಗಿನದು ಇನ್ನೊಬ್ಬನಿಗೆ ಕಾಣದಿದ್ದರೆ ಅದು ವಿಜ್ಞಾನ ಹೇಗಾದೀತು, ಹೊರಗೆ ಕಾಣುವ ವರ್ತನೆಯನ್ನು ಅಳೆಯೋಣ ಅಂತ 1913ರಲ್ಲಿ ವಾಟ್ಸನ್ ಎದ್ದರು. ಮುಂದೆ ಅವರು ಆಧಾರ ಮಾಡಿಕೊಂಡದ್ದು ಪಾವ್ಲೋವ್ ಅವರ ನಾಯಿಗಳ ಪ್ರಯೋಗವನ್ನು, ಊಟ ಬರುವ ಸೂಚನೆಗೇ ಜೊಲ್ಲು ಸುರಿಸಲು ನಾಯಿ ಕಲಿತದ್ದನ್ನು. (ಪಾವ್ಲೋವ್ ಅವರಿಗೆ 1904ರ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಸಂಶೋಧನೆಗೆ. ಇಲ್ಲಿ ತಪ್ಪಬೇಡ.) ಫ್ರಾಯ್ಡ್ ಹೊರಟದ್ದು ರೋಗಿಗಳ ಮಾತಿನಿಂದ. ಅವರದು ಬೇರೆಯೇ ಪ್ರಸಂಗ, ಬೇರೆಯಾಗಿ ಓದು.

ನನಗೆ ತುಂಬ ಹಿಡಿಸಿದ್ದು ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಅಂತ ಹುಡುಕಿದ ಪಿಯಾಜೆ ಮತ್ತು ವೈಗೋಟ್‌ಸ್ಕಿ. ಇಬ್ಬರೂ 1896ರಲ್ಲಿ ಹುಟ್ಟಿದವರು. ಅಕ್ಕನ ಮಗ ನಾಲ್ಕು ವರ್ಷದವನಿದ್ದಾಗ, ಅಂಗಳದಲ್ಲಿ ಒಣಹಾಕಿದ್ದ ಅಡಿಕೆ ತೆಗೆದು ಎಂಟೆಂಟರ ಎರಡು ಸಾಲು ಇಟ್ಟೆ. ಎರಡೂ ಸಮ ಅಂದ. ಅವನ ಕಣ್ಣೆದುರೇ ಒಂದು ಸಾಲನ್ನು ಅಗಲಿಸಿ ಮತ್ತೆ ಕೇಳಿದೆ. ಉದ್ದ ಸಾಲು ತೋರಿಸಿ "ಇದ್ರಲ್ಲಿ ಜಾಸ್ತಿ" ಅಂದ. ಅವನಿಗೆ ಹತ್ತರ ತನಕ ಎಣಿಸಲು ಬರುತ್ತಿತ್ತು! ಪಿಯಾಜೆ ಎರಡರಿಂದ ಏಳು ವರ್ಷಕ್ಕೆ ಹೇಳಿದ ಪ್ರಿ-ಆಪರೇಷನಲ್ ಹಂತವನ್ನು (ಮಗು ತರ್ಕಕ್ಕಿಂತ ಕಣ್ಣಿಗೆ ಕಂಡದ್ದನ್ನೇ ನಂಬುವ ಹಂತ) ಆ ದಿನದಿಂದ ಮರೆತಿಲ್ಲ.

ಅದೇ ಹುಡುಗ ಅಡಿಕೆ ಜೋಡಿಸುತ್ತ ಒಬ್ಬನೇ ತುಳುವಿನಲ್ಲಿ "ಉಂದು ಮುಲ್ಪ, ಅವು ಅಲ್ಪ" (ಇದು ಇಲ್ಲಿ, ಅದು ಅಲ್ಲಿ) ಅಂತ ಹೇಳಿಕೊಳ್ಳುತ್ತಿದ್ದ. ಇಂಥ ಸ್ವಕೇಂದ್ರಿತ ಮಾತು ಬೆಳೆದಂತೆ ಕಳಚಿಹೋಗುತ್ತದೆ ಎಂದರು ಪಿಯಾಜೆ. ಕಳಚುವುದಿಲ್ಲ, ಒಳಗಿಳಿದು ಯೋಚನೆಯಾಗುತ್ತದೆ ಎಂದರು ವೈಗೋಟ್‌ಸ್ಕಿ. ಅವರು 1934ರಲ್ಲಿ, 37ನೇ ವಯಸ್ಸಿಗೇ ಕ್ಷಯದಿಂದ ತೀರಿಕೊಂಡರು. ಪಿಯಾಜೆ ಉತ್ತರ ಬರೆದದ್ದು 1962ರಲ್ಲಿ, ಈ ವಿಷಯದಲ್ಲಿ ವೈಗೋಟ್‌ಸ್ಕಿ ಮಾತನ್ನು ಒಪ್ಪಿ. ಅದನ್ನು ಕೇಳಲು ಅವರಿರಲಿಲ್ಲ ಅಂತ ನೆನೆದಾಗ ನನಗೆ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ನೀನು ಒಳಗೊಳಗೇ ಯಾವ ಭಾಷೆಯಲ್ಲಿ ಮಾತಾಡುತ್ತೀಯೋ ಅದರಲ್ಲೇ ಮೊದಲು ಎರಡೂ ಕಡೆಯ ಅರ್ಥ ಹೇಳಿ ನೋಡು. ಪಾರಿಭಾಷಿಕ ಪದಗಳನ್ನು ಆಮೇಲೆ ಇಂಗ್ಲಿಷಿನಲ್ಲಿ ಕಲಿ.

ಉತ್ತರ (ನಿವೃತ್ತ ಮಾಸ್ಟ್ರು, ಬದಿಯಡ್ಕ): ಮಗಳೇ, ಎಬ್ಬಿಂಗ್‌ಹೌಸ್ ಅವರನ್ನು ಬಿಡಬೇಡ. ಅರ್ಥವಿಲ್ಲದ ಉಚ್ಚಾರಗಳನ್ನು ತಾವೇ ಕಲಿತು, ಎಷ್ಟು ಮರೆತೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದವರು. ಒಂದು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ನೀನು ಓದಿದ್ದನ್ನು ಅದೇ ದಿನ ಪುಸ್ತಕ ಮುಚ್ಚಿ ಬರೆ. ಇನ್ನೊಂದು, ಇದು ಹೊರಗಿನವರದೇ ಚರಿತ್ರೆ ಎಂದುಕೊಳ್ಳಬೇಡ. ಲಂಡನ್ನಿನಲ್ಲಿ ಮನಃಶಾಸ್ತ್ರಜ್ಞ ಸ್ಪಿಯರ್‌ಮನ್ ಬಳಿ ಕಲಿತು ಬಂದು ಮೈಸೂರು ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ಮೈಸೂರಿನಲ್ಲಿ ರೇಡಿಯೋ ಪ್ರಸಾರ ಶುರುಮಾಡಿದವರು.

ವಿದ್ಯಾರ್ಥಿನಿ: ಅಕ್ಕಾ, ನಿನ್ನೆ ಪಕ್ಕದ ಮನೆಯ ಆರು ವರ್ಷದ ಹುಡುಗಿಗೆ ಹುಣಸೆಬೀಜ ಇಟ್ಟು ನೋಡಿದೆ. "ಸಮವೇ, ನೀವು ದೂರ ದೂರ ಇಟ್ಟದ್ದಷ್ಟೆ" ಅಂದಳು. ಏಳಾಗುವ ಮೊದಲೇ! ಪಿಯಾಜೆಗೆ ಇಲ್ಲಿ ಯಾರಾದರೂ ಉತ್ತರ ಕೊಟ್ಟಿದ್ದಾರಾ?

ಉತ್ತರ (ಮುಳ್ಳೇರಿಯ): ಕೊಟ್ಟಿದ್ದಾರೆ ತಂಗೀ. 1970ರ ದಶಕದಲ್ಲಿ ಮಾರ್ಗರೆಟ್ ಡೊನಾಲ್ಡ್‌ಸನ್ ಮತ್ತು ಸಂಗಡಿಗರು, ಪೋಕರಿ ಗೊಂಬೆ ಕರಡಿಯೊಂದು ಬಂದು ಸಾಲು ಕೆಡಿಸಿತು ಅಂತ ಆಡಿ ತೋರಿಸಿದರು. ಆಗ ನಾಲ್ಕರಿಂದ ಆರು ವರ್ಷದ ಎಷ್ಟೋ ಹೆಚ್ಚು ಮಕ್ಕಳು ಸಮವೇ ಅಂದರು. ದೊಡ್ಡವರೇ ಕೈಯಾಡಿಸಿ ಅದೇ ಪ್ರಶ್ನೆ ಮತ್ತೆ ಕೇಳಿದರೆ, ಉತ್ತರ ಬದಲಿಸಬೇಕೇನೋ ಅಂತ ಮಗು ಅಂದುಕೊಳ್ಳುತ್ತದೆ. ಟೀಚರ್ ಎರಡನೇ ಸಲ ಕೇಳಿದಾಗ ನಾವೂ ಹಾಗೇ ಬದಲಿಸುತ್ತಿದ್ದೆವಲ್ಲ?